ಜಾರ್ಜ್ ಸ್ಟೋನ್ ನೆನಪು ಮತ್ತು ನಮ್ಮ ಅಟ್ಟದ ಕೋವಿಗಳು

ಮಾನ್ಯ ಸಂಪಾದಕರೇ,

ಹಳೆಯ ಆಯುಧಗಳ ಅಭ್ಯಾಸಿ, ಸಂಗ್ರಾಹಕ ಜಾರ್ಜ್ ಕ್ಯಾಮರನ್ ಸ್ಟೋನ್ ತೀರಿಕೊಂಡದ್ದು 1935ರ ನವೆಂಬರಿನಲ್ಲಿ. ಅದಾಗಿ ತೊಂಬತ್ತು ವರ್ಷ ಕಳೆದಿದೆ. ಅಮೆರಿಕದ ಒಬ್ಬ ಎಂಜಿನಿಯರನ್ನು ಕನ್ನಡ ಪತ್ರಿಕೆಯಲ್ಲಿ ನೆನೆಯುವುದಕ್ಕೆ ಕಾರಣವಿದೆ. ಹಳೆಯ ಕೋವಿಯನ್ನು ಹೇಗೆ ನೋಡಬೇಕು, ಹೇಗೆ ಅಳೆಯಬೇಕು, ಅದಕ್ಕೆ ಅದರ ಊರಿನ ಹೆಸರನ್ನು ಯಾಕೆ ಉಳಿಸಬೇಕು ಎಂಬುದನ್ನು ಕಲಿಯಬಯಸುವ ಯಾರೇ ಆಗಲಿ, ಇವತ್ತಿಗೂ ಮೊದಲು ಅವರು ಬರೆದ ಆಯುಧಗಳ ಪದಕೋಶವನ್ನೇ ಬಿಚ್ಚುತ್ತಾರೆ. ಆ ಕೋಶದಲ್ಲಿ ನಮ್ಮ ಕೊಡಗಿಗೂ ಜಾಗವಿದೆ. ಅವರು ಬೆಳೆಸಿದ ಕ್ರಮವನ್ನು ನಮ್ಮ ಮನೆಗಳ ಕೋವಿಗಳಿಗೆ ಅನ್ವಯಿಸುವ ಕೆಲಸ ಮಾತ್ರ ಇನ್ನೂ ಆಗಿಲ್ಲ. ಅದಕ್ಕಾಗಿ ಈ ಪತ್ರ.

ಸ್ಟೋನ್ ಹುಟ್ಟಿದ್ದು 1859ರಲ್ಲಿ. ಓದಿದ್ದು ಗಣಿವಿದ್ಯೆ, ದುಡಿದದ್ದು ನ್ಯೂಜೆರ್ಸಿಯ ಸತು ಕಂಪನಿಯಲ್ಲಿ. ಲೋಹದ ಒಳಗುಟ್ಟು ಬಲ್ಲವರಾದ್ದರಿಂದ ಕತ್ತಿಯ ಅಲಗನ್ನೋ ಕೋವಿಯ ನಳಿಗೆಯನ್ನೋ ಕೈಗೆತ್ತಿಕೊಂಡಾಗ ಅವರ ಕಣ್ಣು ಚಿನ್ನದ ಕುಸುರಿಯಲ್ಲೇ ನಿಲ್ಲುತ್ತಿರಲಿಲ್ಲ. ಯೂರೋಪಿನ ಸರದಾರರ ಉಕ್ಕಿನ ಕವಚಕ್ಕೆ ಶ್ರೀಮಂತರು ಮುಗಿಬೀಳುತ್ತಿದ್ದ ಕಾಲದಲ್ಲಿ ಅವರು ಜಪಾನು, ಭಾರತ, ಜಾವಾ, ಪರ್ಷಿಯಾ, ತುರ್ಕಿಗಳ ಆಯುಧಗಳನ್ನು ಕೂಡಿಹಾಕಿದರು. 1934ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಎಲ್ಲ ದೇಶಗಳ ಎಲ್ಲ ಕಾಲದ ಆಯುಧಗಳ ಪದಕೋಶ ಹೊರತಂದರು. ಏಳುನೂರರ ಹತ್ತಿರ ಪುಟ, 875 ಚಿತ್ರ. ಮರುವರ್ಷವೇ ತೀರಿಕೊಂಡರು. ಸಂಗ್ರಹವನ್ನು ಹರಾಜಿಗೆ ಬಿಡದೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಉಯಿಲು ಬರೆದಿಟ್ಟಿದ್ದರು.

ಈ ಔದಾರ್ಯದ ಫಲ ನಮ್ಮ ಊರಿನವರಿಗೂ ಸಿಗುತ್ತದೆ. ಮೆಟ್ರೊಪಾಲಿಟನ್ ಮ್ಯೂಸಿಯಮ್ 2017ರಿಂದ ಹಕ್ಕುಸ್ವಾಮ್ಯ ಮುಗಿದ ವಸ್ತುಗಳ ಚಿತ್ರಗಳನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಲು ಬಿಟ್ಟಿದೆ. ಅದರ ಜಾಲತಾಣದಲ್ಲಿ 36.25 ಎಂದು ಶುರುವಾಗುವ ಸಂಖ್ಯೆ ಕಂಡರೆ ಅದು ಸ್ಟೋನ್ ಕೊಟ್ಟ ವಸ್ತು. 36 ಎಂದರೆ 1936ನೇ ಇಸವಿಯಲ್ಲಿ ದಾಖಲಾದದ್ದು, 25 ಎಂದರೆ ಆ ವರ್ಷ ಬಂದ ಇಪ್ಪತ್ತೈದನೆಯ ಬಾಬ್ತು, ಅದರ ಮುಂದಿನದು ವಸ್ತುವಿನ ಬಿಡಿ ಸಂಖ್ಯೆ. ಉರಿಯುವ ಬತ್ತಿ ತಗಲಿಸಿ ಮದ್ದು ಹೊತ್ತಿಸುವ ಬತ್ತಿ ಬಂದೂಕಗಳು, ಜಿಂಕೆಯ ಕೊಂಬಿನಿಂದಲೋ ದಂತದಿಂದಲೋ ಮಾಡಿದ ಮದ್ದಿನ ಬುರುಡೆಗಳು, ಕಠಾರಿಗಳು ಎಲ್ಲವನ್ನೂ ಉದ್ದ, ತೂಕ, ನಳಿಗೆಯ ವ್ಯಾಸದ ಸಮೇತ ಮನೆಯಲ್ಲೇ ಕೂತು ನೋಡಬಹುದು.

ಭಾರತದ ಬತ್ತಿ ಬಂದೂಕದಲ್ಲಿ ಎರಡು ಜಾತಿ ಎಂದು ಸ್ಟೋನ್ ಗುರುತಿಸಿದರು. ಒಂದು ಐದಾರು ಅಡಿ ಉದ್ದದ್ದು, ಹಿಡಿ ನೇರ, ಸಣಕಲು, ಅಡ್ಡ ಕೊಯ್ದರೆ ಐದು ಮೂಲೆ. ಇನ್ನೊಂದು ಗಿಡ್ಡ, ಹಿಡಿ ಚೆನ್ನಾಗಿ ಬಾಗಿದ್ದು. ನಳಿಗೆಯನ್ನು ಮರಕ್ಕೆ ತಂತಿಯಿಂದಲೋ ತೊಗಲಿನ ಪಟ್ಟಿಯಿಂದಲೋ ಬಿಗಿದಿರುತ್ತಾರೆ. ಬತ್ತಿ ಹಿಡಿಯುವ ಕೊಕ್ಕೆ ಹಿಡಿಯ ಸೀಳಿನಿಂದ ಮೇಲೆದ್ದು ಬರುತ್ತದೆ. ಬೆಂಕಿ ಒಳಗಿನ ಮದ್ದಿಗೆ ತಲುಪುವ ಸಣ್ಣ ತೂತನ್ನು, ಅಂದರೆ ಕಿವಿರಂಧ್ರವನ್ನು, ಚುಚ್ಚಿ ಸ್ವಚ್ಛಮಾಡುವ ಸೂಜಿ ಸರಪಣಿಯಲ್ಲಿ ನೇತಾಡುತ್ತದೆ. ಈ ಸೂಜಿ ಈಗ ಬಹಳ ಕೋವಿಗಳಲ್ಲಿ ಕಾಣುವುದಿಲ್ಲ. ಸರಪಣಿಯ ಕೊಂಡಿ ಮಾತ್ರ ಉಳಿದಿರುತ್ತದೆ. ಅದನ್ನು ತೊಟ್ಟು ಮುರಿದ ಆಭರಣ ಎಂದು ಕಿತ್ತುಹಾಕಬೇಡಿ.

ಸ್ಟೋನರ ಕೋಶದಲ್ಲಿ ತಪ್ಪುಗಳಿವೆ. ಭಾರತೀಯ ಭಾಷೆಗಳ ಹೆಸರುಗಳನ್ನು ಅವರು ಹಿಂದಿನ ಇಂಗ್ಲಿಷ್ ಪಟ್ಟಿಗಳಿಂದ ಎತ್ತಿಕೊಂಡರು. ಹೀಗಾಗಿ ಕೊಡವರ ಒಡಿಕತ್ತಿ ಅಲ್ಲಿ ಆಯ್ದ ಕತ್ತಿ ಆಗಿದೆ. ಆಯುಧ ಕತ್ತಿ ಎಂಬುದು ಇಂಗ್ಲಿಷರ ಕಿವಿಯಲ್ಲಿ ಸವೆದು ಹಾಗಾಗಿರಬೇಕು ಎಂದು ಕನ್ನಡ ಬಲ್ಲವರಿಗೆ ತಟ್ಟನೆ ಹೊಳೆಯುತ್ತದೆ. ಬೆನ್ನ ಹಿಂದೆ ಆ ಕತ್ತಿಯನ್ನು ಸಿಕ್ಕಿಸುವ ಹಿತ್ತಾಳೆಯ ತೋಡಂಗ್ ಅಲ್ಲಿ ತೋಡುಂಗ. ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ ಪೀಚೆಕತ್ತಿ ಅಲ್ಲಿ ಪಿಚಂಗತ್ತಿ. ತೊಂಬತ್ತು ವರ್ಷದಿಂದ ಜಗತ್ತಿನ ಹರಾಜು ಕಟ್ಟೆಗಳಲ್ಲಿ ಈ ಹೆಸರುಗಳೇ ಓಡಾಡುತ್ತಿವೆ. ಸ್ಟೋನ್ ತಮಗೆ ಗೊತ್ತಿದ್ದನ್ನೆಲ್ಲ ಕೊಟ್ಟರು. ತಿದ್ದುವ ಕೆಲಸ ಆ ಭಾಷೆ ಆಡುವವರದು, ಅಂದರೆ ನಮ್ಮದು. ನಾವು ತಿದ್ದಿಲ್ಲ.

ಈಗ ನಮ್ಮ ಕೋವಿಗಳ ಮಾತು. ಕೊಡಗು, ಮಲೆನಾಡು, ಹಳೆ ಮೈಸೂರಿನ ಪಾಳೆಯಗಾರರ ಮನೆತನಗಳು, ಅರಮನೆಯ ನೌಕರಿಯಲ್ಲಿದ್ದವರ ಮನೆಗಳು, ಎಲ್ಲ ಕಡೆ ಬಾಯಿಯಿಂದ ಮದ್ದು ತುಂಬುವ ಕೋವಿಗಳು ಇನ್ನೂ ಇವೆ. ಕೊಡವರ ಆಯುಧಗಳ ಹಬ್ಬವಾದ ಕೈಲ್‌ಪೊಳ್ದ್ ದಿನ ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುವ ಮನೆಗಳಲ್ಲಿ ಅವಕ್ಕೆ ಗೌರವವಾದರೂ ಇದೆ. ಉಳಿದೆಡೆ ಅವು ಅಟ್ಟದ ಮೇಲಿವೆ, ಇಲ್ಲವೇ ಬಡಗಿಯ ಕೈಗೆ ಸಿಕ್ಕು ವಾರ್ನಿಷ್ ಹೊಡೆಸಿಕೊಂಡು ಹಜಾರದ ಗೋಡೆಗೆ ಏರಿವೆ. ವಾರ್ನಿಷಿಗೆ ಮೊದಲು ಮರಳುಕಾಗದ ಉಜ್ಜಿರುತ್ತಾರೆ. ಆ ಒಂದು ಮಧ್ಯಾಹ್ನದಲ್ಲಿ ಇನ್ನೂರು ವರ್ಷದ ಗುರುತುಗಳೆಲ್ಲ ಪುಡಿಯಾಗಿ ನೆಲಕ್ಕೆ ಬಿದ್ದಿರುತ್ತವೆ.

ಅಂಥ ಕೋವಿ ಮನೆಯಲ್ಲಿ ಸಿಕ್ಕರೆ ಒರೆಸುವುದಕ್ಕೂ ಮೊದಲು ಒಳಗೆ ಈಡು, ಅಂದರೆ ತುಂಬಿದ ಮದ್ದುಗುಂಡು, ಇದೆಯೇ ಎಂದು ನೋಡಬೇಕು. ಹಿಂದಿನವರು ಕಾಡುಹಂದಿಗೆಂದು ತುಂಬಿಟ್ಟು ಹೊಡೆಯದೆ ಉಳಿಸಿದ ಕೋವಿಗಳು ಎಷ್ಟೋ ಇವೆ. ಕರಿಮದ್ದು ಒಣಗಿದ್ದರೆ ನೂರು ವರ್ಷದ ಮೇಲೂ ಹೊತ್ತಿಕೊಳ್ಳುತ್ತದೆ. ನಳಿಗೆಯ ಬುಡದಲ್ಲಿರುವ ಸಣ್ಣ ಕೊಳವೆಯೇ ತೊಟ್ಟಿ, ಅದರ ಮೇಲೆ ಕೂರಿಸುವ, ಬಡಿದರೆ ಸಿಡಿಯುವ ಪುಟ್ಟ ಲೋಹದ ಟೊಪ್ಪಿಯೇ ಕೇಪು. ತೊಟ್ಟಿಯ ಮೇಲೆ ಕೇಪು ಕೂತಿದೆಯೇ ಎಂದು ಮೊದಲು ಕಣ್ಣಿನಿಂದ ನೋಡಿ. ಕೂತಿದ್ದರೆ ಕುದುರೆಯನ್ನು, ಅಂದರೆ ಸುತ್ತಿಗೆಯಂತೆ ಬಡಿಯುವ ಭಾಗವನ್ನು, ಎತ್ತಲೂ ಬೇಡಿ, ಕೇಪನ್ನು ಮೀಟಲೂ ಬೇಡಿ. ಅಲ್ಲಿಗೇ ನಿಲ್ಲಿಸಿ ತಿಳಿದವರನ್ನು ಕರೆಯಿರಿ. ಕೇಪು ಇಲ್ಲದಿದ್ದರೆ ನಳಿಗೆಯ ಬಾಯಿ ಯಾರ ಕಡೆಗೂ ತಿರುಗದಂತೆ ಮೇಜಿನ ಮೇಲೆ ಮಲಗಿಸಿ, ಬದಿಗೆ ನಿಂತು, ನುಣುಪಾದ ಮರದ ಕೋಲೊಂದನ್ನು ನಿಧಾನವಾಗಿ ಒಳಗೆ ಇಳಿಬಿಡಿ. ಕುಟ್ಟಬೇಡಿ. ತಳ ಮುಟ್ಟಿದಾಗ ನಳಿಗೆಯ ಬಾಯಿಯ ಮಟ್ಟಕ್ಕೆ ಕೋಲಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಕೋಲನ್ನು ಹೊರತೆಗೆದು, ಗೆರೆ ಬಾಯಿಗೆ ಸರಿಯಾಗಿ ಬರುವಂತೆ ನಳಿಗೆಯ ಹೊರಮೈಗೆ ಹಿಡಿಯಿರಿ. ಕೋಲಿನ ತುದಿ ಕಿವಿರಂಧ್ರದ ನೇರಕ್ಕೆ ಅಥವಾ ಕೇಪಿನ ತೊಟ್ಟಿಯ ನೇರಕ್ಕೆ ಬರಬೇಕು. ಎರಡು ಬೆರಳಿನಷ್ಟು ಮೊದಲೇ ನಿಂತರೆ ಒಳಗೆ ಏನೋ ಇದೆ. ಕಣಜದ ಗೂಡಿರಬಹುದು, ಹಳೆಯ ನಾರಿನ ಉಂಡೆಯಿರಬಹುದು, ಮದ್ದು ಮತ್ತು ಚರೆಯೇ ಇರಬಹುದು. ಮದ್ದು ಎಂದೇ ತಿಳಿದು ನಡೆಯಬೇಕು. ಮದ್ದು ಗಿಡಿಯುವ ಕಬ್ಬಿಣದ ಸಲಾಕೆ, ಅಂದರೆ ಗಜ, ಹಾಕಿ ಕೆದಕುವುದು, ಒಲೆಯ ಹತ್ತಿರ ಇಟ್ಟು ಒಣಗಿಸುವುದು, ಹೊಲಕ್ಕೆ ಒಯ್ದು ಸಿಡಿಸಿ ಖಾಲಿ ಮಾಡುವುದು, ಮೂರೂ ಕೂಡದು. ಒಳಗೆ ತುಕ್ಕು ತಿಂದ ನಳಿಗೆ ಎಲ್ಲಿ ತೆಳುವಾಗಿದೆಯೋ ಹೊರಗಿನಿಂದ ಕಾಣುವುದಿಲ್ಲ, ಅಲ್ಲಿಂದಲೇ ಒಡೆಯುತ್ತದೆ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಂದ, ಇಲ್ಲವೇ ಪೊಲೀಸರ ಮೂಲಕ ತೆಗೆಸಬೇಕು.

ಆಮೇಲೆ ಕಾನೂನು. ಹಳೆಯದಾದ್ದರಿಂದ ಲೈಸೆನ್ಸ್ ಬೇಡ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ಅರ್ಧ ಸತ್ಯ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇರುವುದು ಹಳೆಯ ಮಾದರಿಯ, ಪ್ರಾಚೀನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ. ಆದರೆ ರಿಪೇರಿ ಮಾಡಿದರೂ ಮಾಡದಿದ್ದರೂ ಅದು ಕೋವಿಯಾಗಿ ಬಳಸಲು ಬಾರದಂತಿರಬೇಕು. ರಿಪೇರಿ ಮಾಡಿದರೆ ಹೊಡೆಯಬಲ್ಲ ಕೇಪಿನ ಕೋವಿ ಎಷ್ಟು ಹಳೆಯದಾದರೂ ಆ ವಿನಾಯಿತಿಗೆ ಬರುವುದಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಇರುವ ವಿನಾಯಿತಿ ಬೇರೆಯದು, ಅದು ಈಗ 2029ರವರೆಗೆ ಇದೆ. ಉಳಿದ ಜಿಲ್ಲೆಗಳಲ್ಲಿ ಲೈಸೆನ್ಸುದಾರರಾದ ಹಿರಿಯರು ತೀರಿಕೊಂಡ ಮೇಲೆ ಕೋವಿ ಅಟ್ಟದಲ್ಲೇ ಉಳಿದಿದ್ದರೆ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರ ವಿಭಾಗದಲ್ಲಿ, ಕಮಿಷನರೇಟ್ ಇರುವ ನಗರದಲ್ಲಿ ಪೊಲೀಸ್ ಕಮಿಷನರ ಕಚೇರಿಯಲ್ಲಿ ಬರೆದುಕೊಟ್ಟು ದಾರಿ ಕೇಳಬೇಕು. ಹೆದರಿ ವೆಲ್ಡಿಂಗ್ ಅಂಗಡಿಗೆ ಒಯ್ದು ನಳಿಗೆ ಮುಚ್ಚಿಸುವವರಿದ್ದಾರೆ. ಅದರಿಂದ ಕಾನೂನಿನ ತೊಡಕು ತಾನಾಗಿ ಬಿಡುವುದಿಲ್ಲ. ಒಳಗೆ ಈಡಿದ್ದರೆ ಪ್ರಾಣಕ್ಕೆ ಅಪಾಯ. ನಳಿಗೆಯ ಬುಡದ ಮುದ್ರೆಗಳು ಕರಗಿಹೋಗುವುದಂತೂ ಖಂಡಿತ.

ಈ ಎರಡೂ ಆದ ಮೇಲೆ ಸ್ಟೋನರ ಕೆಲಸ ಶುರು. ಅವರ ಕೋಶದ ಹೂರಣವೆಂದರೆ ಅಳತೆ, ಚಿತ್ರ, ಹೆಸರು. ಅಳತೆಗೆ ಟೇಪು ಮತ್ತು ವರ್ನಿಯರ್ ಸಾಕು. ಒಟ್ಟು ಉದ್ದ ಬೇರೆ, ನಳಿಗೆಯ ಉದ್ದ ಬೇರೆ ಬರೆಯಬೇಕು. ನಳಿಗೆಯನ್ನು ಬಾಯಿಯಿಂದ ಬುಡದವರೆಗೆ ಅಳೆಯಿರಿ. ಬುಡದಿಂದ ಹಿಂದಕ್ಕೆ ಚಾಚಿ ಮರಕ್ಕೆ ಸ್ಕ್ರೂ ಹಿಡಿದಿರುವ ನಾಲಿಗೆಯನ್ನು ಸೇರಿಸಬಾರದು. ಎಷ್ಟೋ ಪಟ್ಟಿಗಳಲ್ಲಿ ಎರಡು ಅಂಗುಲ ಹೆಚ್ಚು ಬಂದಿರುವುದು ಈ ನಾಲಿಗೆಯಿಂದಲೇ. ಬಾಯಿಯ ವ್ಯಾಸವನ್ನು ಅಡ್ಡಕ್ಕೂ ಉದ್ದಕ್ಕೂ ಎರಡು ಸಲ ತೆಗೆಯಿರಿ. ಗಜ ಉಜ್ಜಿ ಉಜ್ಜಿ ಬಾಯಿ ಅಂಡಾಕಾರಕ್ಕೆ ಸವೆದಿರುತ್ತದೆ, ಒಂದೇ ಅಳತೆ ನಂಬಿದರೆ ಮೋಸ ಹೋಗುತ್ತೀರಿ. 19 ಮಿಲಿಮೀಟರಿನ ಹತ್ತಿರ ಬಂದು ನಳಿಗೆ 39 ಅಂಗುಲವಿದ್ದರೆ ಈಸ್ಟ್ ಇಂಡಿಯಾ ಕಂಪನಿಯ ಇಂಡಿಯಾ ಮಾದರಿಯ ಮಸ್ಕೆಟ್ ಇರಬಹುದು. 17.5 ಬಂದರೆ ಫ್ರೆಂಚ್ ಸೇನೆಯ ಅಳತೆ. ಒಳಗೆ ತಿರುಪು ಗೀರುಗಳಿದ್ದು 14.7 ಬಂದರೆ 1853ರ ಎನ್‌ಫೀಲ್ಡ್. ಇವು ಬರೀ ಸೂಚನೆಗಳು. ನಳಿಗೆ ಕತ್ತರಿಸಿ ಗಿಡ್ಡ ಮಾಡಿದ ಸೈನ್ಯದ ಕೋವಿಗಳು ಮಲೆನಾಡಿನ ಪೊದೆಗಾಡಿನ ಬೇಟೆಗೆ ಬಹಳ ಬಳಕೆಯಾಗಿವೆ. ಕತ್ತರಿಸಿದ್ದನ್ನು ಪತ್ತೆಮಾಡಲು ಮುಂಗುರಿಯನ್ನು, ಅಂದರೆ ಗುರಿ ನೋಡಲು ನಳಿಗೆಯ ಬಾಯಿಯ ಹತ್ತಿರ ಇರುವ ಗುಬ್ಬನ್ನು, ನೋಡಿ.  ಆಮೇಲೆ ಕೂರಿಸಿದ್ದರೆ ಸುತ್ತ ಬೆಸುಗೆಯ ಗುರುತು ಕಾಣಬಹುದು, ಆದರೆ ಮೂಲ ಮುಂಗುರಿಯನ್ನೂ ಬೆಸೆದು ಕೂರಿಸುತ್ತಿದ್ದುದರಿಂದ ಅದೊಂದನ್ನೇ ನಂಬಬೇಡಿ.

ಕೋವಿಯ ಬದಿಯ ಬೀಗದ ಫಲಕ, ಅಂದರೆ ಕುದುರೆ ಮತ್ತು ಅದನ್ನು ಆಡಿಸುವ ಯಂತ್ರ ಕೂತ ಲೋಹದ ತಗಡು, ಬಹಳ ಮಾತಾಡುತ್ತದೆ. ಹೃದಯದ ಆಕಾರವನ್ನು ನಾಲ್ಕು ಭಾಗ ಮಾಡಿ ಅದರ ಮೇಲೆ ನಾಲ್ಕರ ಅಂಕಿಯಂಥ ಗುರುತಿದ್ದರೆ ಅದು ಕಂಪನಿಯ ಹಳೆಯ ಮುದ್ರೆ. 1808ರಿಂದ ಮುಂಗಾಲೆತ್ತಿ ನಿಂತ ಸಿಂಹ ಬಂತು. ಇಂಡಿಯಾ ಮಾದರಿಯಲ್ಲಿ ಕುದುರೆಯ ಕುತ್ತಿಗೆ ಹಂಸದ ಕೊರಳಿನಂತೆ ಬಾಗಿದ್ದರೆ ಮೊದಲ ಕಾಲದ್ದು. ಕುತ್ತಿಗೆಗೆ ಬಳೆಯಂಥ ಬಲಪಟ್ಟಿ ಕೂಡಿದ್ದರೆ 1809ರ ಈಚಿನದು. ಹಂಸಕೊರಳು ಚಂದ ಕಂಡರೂ ಅಲ್ಲೇ ಮುರಿಯುತ್ತಿತ್ತು, ಅದಕ್ಕೆ ಬದಲಾಯಿಸಿದರು. ತೋಟೆ ತುಂಬುವ ಜೋಡುನಳಿಗೆಗಳಲ್ಲಿ ಬುಡದ ಹತ್ತಿರ ಇಂಗ್ಲಿಷಿನಲ್ಲಿ ನಾಟ್ ಫಾರ್ ಬಾಲ್ ಎಂದು ಕೊರೆದಿದ್ದರೆ, ಬಾಯಿ ಕಿರಿದಾಗಿಸಿದ ನಳಿಗೆ, ಒಂಟಿಗುಂಡು ಹಾಕಬೇಡಿ ಎಂಬ ಎಚ್ಚರಿಕೆ ಅದು. ಆ ಮುದ್ರೆ 1875ರಿಂದ 1887ರವರೆಗೆ ಮಾತ್ರ ಇತ್ತು, ಆದ್ದರಿಂದ ಹನ್ನೆರಡು ವರ್ಷದ ಕಿಟಕಿಯಲ್ಲಿ ಕೋವಿಯ ಕಾಲ ಸಿಕ್ಕಿಬಿಡುತ್ತದೆ.

ಕೇಪಿನ ಕೋವಿ ಎಂದು ಕಂಡದ್ದು ಹುಟ್ಟಿನಿಂದಲೇ ಕೇಪಿನದೇ, ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿಸುವ ಚಕಮಕಿಯದನ್ನು ಬದಲಾಯಿಸಿದ್ದೇ ಎಂದು ನೋಡುವುದು ನಮ್ಮ ಸೀಮೆಯಲ್ಲಿ ಅತಿ ಮುಖ್ಯ. ಫಲಕದ ಮೇಲೆ, ಕುದುರೆಯ ಮುಂದೆ, ತುಂಬಿ ಮುಚ್ಚಿದ ಸ್ಕ್ರೂ ತೂತುಗಳು ಮಂಕಾದ ಬೊಟ್ಟುಗಳಂತೆ ಕಾಣುತ್ತವೆ. ಮೊದಲು ಮದ್ದಿನ ಬಟ್ಟಲು, ಕಿಡಿ ಹಾರಿಸುವ ಉಕ್ಕು ಅಲ್ಲಿದ್ದವು. ಬಟ್ಟಲು ಕೂತಿದ್ದ ಕಡೆ ಮರದಲ್ಲಿ ತಗ್ಗು ಉಳಿದಿರುತ್ತದೆ, ಕೆಲವರು ಅದಕ್ಕೆ ಅರಗು ತುಂಬಿರುತ್ತಾರೆ. ಕಿವಿರಂಧ್ರವನ್ನು ದೊಡ್ಡದು ಮಾಡಿ ಚಿಕ್ಕ ಉರುಳೆಯೊಂದನ್ನು ತಿರುಪಿ, ಅದರ ಮೇಲೆ ಕೇಪಿನ ತೊಟ್ಟಿ ನೆಟ್ಟಿರುತ್ತಾರೆ. ಹೀಗೆ ಬದಲಾದ ಕೋವಿಯನ್ನು ಮತ್ತೆ ಚಕಮಕಿಯದಾಗಿಸಿ ಮಾರುವ ದಂಧೆ ಜಗತ್ತಿನಾದ್ಯಂತ ಇದೆ. ದಯವಿಟ್ಟು ಮಾಡಿಸಬೇಡಿ. ಆ ಬದಲಾವಣೆಯೂ ಕೋವಿಯ ಚರಿತ್ರೆಯೇ.

ಶ್ರೀರಂಗಪಟ್ಟಣದ ಕೋವಿಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು, ಯಾಕೆಂದರೆ ತಪ್ಪು ಓದು ಹೆಚ್ಚು ಆಗುವುದು ಅಲ್ಲಿಯೇ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಬ್ರಿಟಿಷರು ಮಾಡಿದ ಲೆಕ್ಕದಲ್ಲಿ ಮಸ್ಕೆಟ್, ಕಾರ್ಬೈನುಗಳೇ 99,000. ಫ್ರೆಂಚ್ ಮತ್ತು ಇಂಗ್ಲಿಷ್ ಮಾದರಿ ನೋಡಿ ಶ್ರೀರಂಗಪಟ್ಟಣದಲ್ಲೂ ಬಿದನೂರು ನಗರದಲ್ಲೂ ಚಕಮಕಿ ಬೀಗಗಳನ್ನು ಮಾಡುತ್ತಿದ್ದರು. ಅರಮನೆಯ ಕೋವಿಗಳಲ್ಲಿ ಸಯ್ಯದ್ ಮಾಸೂಮ್‌ನಂಥ ಕುಶಲಕರ್ಮಿಗಳ ರುಜು ಉಳಿದಿದೆ. ಒಂದೇ ನಳಿಗೆಯಲ್ಲಿ ಒಂದರ ಹಿಂದೊಂದು ಎರಡು ಈಡು ತುಂಬಿ ಬೇರೆಬೇರೆಯಾಗಿ ಹೊಡೆಯುವ ಬೇಟೆ ಕೋವಿಯೊಂದು 2015ರ ಏಪ್ರಿಲಿನಲ್ಲಿ ಲಂಡನ್ನಿನ ಹರಾಜಿನಲ್ಲಿ ಏಳು ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಹೋಯಿತು. ಬಬ್ರಿ ಎಂಬ ಟಿಪ್ಪುವಿನ ಹುಲಿಪಟ್ಟೆ ಗುರುತು ಎಲ್ಲರಿಗೂ ಗೊತ್ತು. ಇಸವಿ ಓದುವ ವಿಧಾನ ಗೊತ್ತಿರುವವರು ಕಡಿಮೆ.

ಟಿಪ್ಪು ತಂದ ಮೌಲೂದಿ ಶಕೆ ಹಿಜರಿಯಲ್ಲ. ಆ ಶಕೆಯ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದರು. ಲೋಹದ ಮೇಲೆ ಎಡದಿಂದ 4221 ಎಂದು ಕಂಡರೆ ಅದು 1224. ಮೌಲೂದಿ ವರ್ಷಕ್ಕೆ 572 ಕೂಡಿಸಿದರೆ ಕ್ರಿಸ್ತಶಕದ ವರ್ಷ ಬರುತ್ತದೆ, ಆ ವರ್ಷ ಮರುವರ್ಷದ ಮೊದಲ ತಿಂಗಳುಗಳವರೆಗೆ ಚಾಚುತ್ತದೆ. 1224 ಎಂದರೆ 1796-97. ಇದನ್ನು ತಿಳಿಯದವರು 1224ನ್ನು ಹಿಜರಿ ಎಂದು ಲೆಕ್ಕ ಹಾಕಿದರೆ 1809 ಬರುತ್ತದೆ. ಟಿಪ್ಪು ಸತ್ತು ಹತ್ತು ವರ್ಷದ ಮೇಲಿನದು, ಹಾಗಾದರೆ ನಕಲಿ ಎಂದು ಒಳ್ಳೆಯ ಕೋವಿಯನ್ನು ಎಸೆದುಬಿಡುವ ತಪ್ಪು ಇಲ್ಲೇ ಆಗುತ್ತದೆ. 1221 ಅಂತೂ ಎರಡೂ ಕಡೆಯಿಂದ ಒಂದೇ. ಅಂಕಿಗಳ ದಿಕ್ಕಿನಿಂದ ಏನೂ ತಿಳಿಯುವುದಿಲ್ಲ. ಮೌಲೂದಿಯಾದರೆ 1793-94, ಹಿಜರಿಯಾದರೆ 1806-07. ಅಲ್ಲಿ ಉಳಿದ ಗುರುತುಗಳನ್ನು ನೋಡಿಯೇ ತೀರ್ಮಾನಿಸಬೇಕು.

ನಕಲಿ ಬಬ್ರಿಗಳೂ ಇವೆ. ಸಾಮಾನ್ಯ ಕೋವಿಗೆ ಈಚೆಗೆ ಪಟ್ಟೆ ಕೊರೆದು ಬೆಲೆ ಏರಿಸುತ್ತಾರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ತುಕ್ಕಿನ ಕುಳಿಗಳು ಪಟ್ಟೆಯ ಗೆರೆಯೊಳಗೂ ಹರಿದಿದ್ದರೆ ಕೆತ್ತನೆ ತುಕ್ಕಿಗಿಂತ ಹಳೆಯದು. ಗೆರೆ ತುಕ್ಕಿನ ಕುಳಿಗಳನ್ನೇ ಕತ್ತರಿಸಿಕೊಂಡು ಹೋಗಿ, ಅಂಚು ಬೆರಳಿಗೆ ಚುರುಕಾಗಿ ತಗಲಿದರೆ ಮೊನ್ನೆಯ ಕೆಲಸ.

ಸವೆದ ಮುದ್ರೆ ಓದಲು ಉಜ್ಜುವ ಅಗತ್ಯವೇ ಇಲ್ಲ. ಕೋಣೆಯ ದೀಪ ಆರಿಸಿ, ಕೈದೀಪವನ್ನು ಲೋಹದ ಮಟ್ಟಕ್ಕೆ ಹಿಡಿದು ಬದಿಯಿಂದ ಬೆಳಕು ಬಿಡಿ. ಎದುರಿನಿಂದ ಕಾಣದ ಅಕ್ಷರ ನೆರಳಾಗಿ ಏಳುತ್ತದೆ. ದೀಪವನ್ನು ಸುತ್ತ ತಿರುಗಿಸುತ್ತ ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೋ ತೆಗೆಯಿರಿ, ಪಕ್ಕದಲ್ಲಿ ಮಿಲಿಮೀಟರಿನ ಅಳತೆಪಟ್ಟಿ ಇರಲಿ. ಸೀಮೆಸುಣ್ಣದ ಪುಡಿ ತುಂಬಿ ಓದುವ ಅಭ್ಯಾಸ ಬಿಡಬೇಕು, ಗೆರೆಯಲ್ಲಿ ಉಳಿದ ಪುಡಿ ಮಳೆಗಾಲದಲ್ಲಿ ತೇವ ಹೀರಿ ಅಲ್ಲಿಂದಲೇ ತುಕ್ಕು ಹಬ್ಬಿಸುತ್ತದೆ. ಬುಡದ ಕೆಳಗಿನ ಮುದ್ರೆಗಳಿಗಾಗಿ ನಳಿಗೆಯನ್ನು ಮರದಿಂದ ಬಿಡಿಸುವ ಸಾಹಸ ಬೇಡ. ಇನ್ನೂರು ವರ್ಷ ಕೂತ ಆಣಿ ಹೊರಬರುವಾಗ ಮರದ ಚಕ್ಕೆಯನ್ನೂ ಎಬ್ಬಿಸಿಕೊಂಡು ಬರುತ್ತದೆ. ಅಂಗಡಿಯ ಸಾಮಾನ್ಯ ಸ್ಕ್ರೂಡ್ರೈವರ್ ಆಪಿನಂತೆ ತುದಿ ಕಿರಿದಾಗಿರುತ್ತದೆ, ಹಳೆಯ ಸ್ಕ್ರೂಗಳ ಗೀಟು ಇಕ್ಕಟ್ಟು ಮತ್ತು ನೇರ. ಒಂದೇ ತಿರುವಿಗೆ ತಲೆ ಹರಿದುಹೋಗುತ್ತದೆ.

ಶುಚಿಮಾಡುವುದರಲ್ಲಿ ಕಡಿಮೆ ಮಾಡಿದಷ್ಟೂ ಒಳ್ಳೆಯದು. ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಕೂತ ಮೇಲ್ಪದರ ರೋಗವಲ್ಲ, ಅದು ಲೋಹವನ್ನು ಕಾಯುತ್ತಿದೆ. ಬೆರಳಿಗೆ ಕೆಂಪು ಪುಡಿ ಅಂಟಿದರೆ ಅದು ಜೀವಂತ ತುಕ್ಕು. ಅಷ್ಟಕ್ಕೆ ಮಾತ್ರ ತೆಳುವಾದ ಮೆಷಿನ್ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, ಅತಿ ನಯವಾದ ಉಕ್ಕಿನ ಉಣ್ಣೆ, ಅಂದರೆ ನಾಲ್ಕು ಸೊನ್ನೆಯದು, ಮೆಲ್ಲಗೆ ಆಡಿಸಿ ಒರೆಸಬೇಕು. ಪಾತ್ರೆ ಉಜ್ಜುವ ನಾರು, ಮರಳುಕಾಗದ, ಹುಣಸೆಹಣ್ಣು, ಹಿತ್ತಾಳೆ ಪಾಲಿಷ್ ಯಾವುದೂ ಬೇಡ. ಕೊಬ್ಬರಿ ಎಣ್ಣೆಯನ್ನು ಹಿಂದಿನವರು ಹಚ್ಚುತ್ತಿದ್ದರು ನಿಜ, ದಿನವೂ ಬಳಸಿ ಒರೆಸುವ ಕೋವಿಗೆ ಅದು ಸರಿಹೋಗುತ್ತಿತ್ತು. ಅಟ್ಟದಲ್ಲಿ ಕೂತ ಕೋವಿಯಲ್ಲಿ ಅದು ಮುಗ್ಗಿ ಅಂಟಾಗುತ್ತದೆ, ಹಿತ್ತಾಳೆಯ ಭಾಗಗಳ ಸುತ್ತ ಹಸಿರು ಮೇಣದಂತೆ ಕಟ್ಟುತ್ತದೆ. ಮರಕ್ಕೆ ಜೇನುಮೇಣದ ತೆಳು ಲೇಪ ಸಾಕು.

ಇಡುವ ಜಾಗವೇ ಅರ್ಧ ಚಿಕಿತ್ಸೆ. ತೊಗಲಿನ ಚೀಲ, ಕಂಬಳಿ, ಸುದ್ದಿಪತ್ರಿಕೆ ಯಾವುದರಲ್ಲೂ ಸುತ್ತಿಡಬೇಡಿ, ಎಲ್ಲವೂ ತೇವ ಹಿಡಿದಿಡುತ್ತವೆ. ಮಳೆ ಹೊಡೆಯುವ ಹೊರಗೋಡೆಗೆ ನೇತುಹಾಕಬೇಡಿ. ಅಡುಗೆಮನೆಯ ಹೊಗೆ ಅಟ್ಟ ತುಕ್ಕು ತಡೆಯುತ್ತದೆ ಎಂಬುದು ಸೌದೆ ಒಲೆಯ ಕಾಲದ ಮಾತು. ಗ್ಯಾಸ್ ಒಲೆಯ ಮನೆಯಲ್ಲಿ ಅದೇ ಅಟ್ಟಕ್ಕೆ ಹೋಗುವುದು ನೀರಿನ ಹಬೆ. ಒಳಗೋಡೆಯ ಮರದ ಕಪಾಟು, ಕೆಳಗೆ ಸಿಲಿಕಾ ಜೆಲ್ ಪೊಟ್ಟಣ, ತಿಂಗಳಿಗೊಮ್ಮೆ ಪೊಟ್ಟಣ ಒಣಗಿಸುವುದು, ಜೂನಿಗೆ ಮೊದಲು ಮತ್ತು ದಸರೆಗೆ ಮೊದಲು ಒಮ್ಮೊಮ್ಮೆ ಎಣ್ಣೆಬಟ್ಟೆ ಆಡಿಸುವುದು. ಬರಿಗೈ ಮುಟ್ಟಿದರೆ ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ಹಿಡಿಸುತ್ತದೆ, ಹತ್ತಿಯ ಕೈಗವಸು ತೊಡಿ. ಕುದುರೆ ಯಾವಾಗಲೂ ಇಳಿದಿರಲಿ, ಎಳೆದಿಟ್ಟರೆ ಒಳಗಿನ ಸ್ಪ್ರಿಂಗ್ ಸೋಲುತ್ತದೆ. ಮಕ್ಕಳಿಗೆ ತೋರಿಸಲೆಂದು ಖಾಲಿ ಕುದುರೆ ಬಡಿಯುವುದೂ ಬೇಡ. ಕೇಪಿನ ತೊಟ್ಟಿ ಅಣಬೆಯಂತೆ ಚಪ್ಪಟೆಯಾಗಿ, ಕುದುರೆಯ ಮೂತಿ ಸೀಳುತ್ತದೆ.

ಚುನಾವಣೆ ಬಂದಾಗ ಠಾಣೆಗೆ ಠೇವಣಿ ಇಡುವ ಮಾತು. ಒಂದರ ಮೇಲೊಂದು ಒರಗಿಸಿಟ್ಟ ಕೋವಿಗಳಲ್ಲಿ ಒಂದರ ಕುದುರೆ ಇನ್ನೊಂದರ ಮರವನ್ನು ಕೊರೆಯುತ್ತದೆ. ಒಯ್ಯುವ ಮೊದಲು ಎರಡೂ ಬದಿಯ ಫೋಟೋ ತೆಗೆದು, ನಳಿಗೆಗೆ ಎಣ್ಣೆಬಟ್ಟೆ ಆಡಿಸಿ, ಹೆಸರು ಮತ್ತು ಲೈಸೆನ್ಸ್ ಸಂಖ್ಯೆ ಬರೆದ ರಟ್ಟಿನ ಚೀಟಿಯನ್ನು ಹತ್ತಿದಾರದಲ್ಲಿ ಟ್ರಿಗರಿನ ಕಾವಲು ಬಳೆಗೆ ಕಟ್ಟಿ. ತಂತಿ ಗೀರುತ್ತದೆ, ಅಂಟುಪಟ್ಟಿ ಮೂರು ತಿಂಗಳಲ್ಲಿ ಮರದ ಬಣ್ಣವನ್ನೇ ಕಿತ್ತುಕೊಂಡು ಬರುತ್ತದೆ. ರಸೀದಿಯಲ್ಲಿ ಬರೀ ಒಂಟಿನಳಿಗೆ ಕೋವಿ ಎಂದು ಬರೆದರೆ ಸಾಲದು, ನಳಿಗೆಯ ಉದ್ದವನ್ನೂ ಕಾಣುವ ಮುದ್ರೆಯನ್ನೂ ಬರೆಸಿಕೊಳ್ಳಬೇಕು. ಹತ್ತಾರು ಕೋವಿ ಇರುವ ಕೋಣೆಯಲ್ಲಿ ಅದಲುಬದಲಾದರೆ ನಿಮ್ಮದು ಯಾವುದೆಂದು ತೋರಿಸಲು ಬೇರೆ ದಾರಿಯಿಲ್ಲ.

ಹೆಸರಿನ ವಿಚಾರಕ್ಕೆ ನಿಮ್ಮ ಪತ್ರಿಕೆಯ ಸಹಾಯ ಬೇಕು. ನಳಿಗೆ, ಕುದುರೆ, ಗಜ, ಚರೆ, ಮಸಿ, ಕೇಪು, ತೋಟೆ, ಈಡು ಎಂಬ ಪದಗಳು ಮಲೆನಾಡಿನ ಹಿರಿಯರ ಬಾಯಲ್ಲಿ ಇನ್ನೂ ಇವೆ. ಬಂದೂಕದ ಬೇರು ಅರಬ್ಬಿಯಲ್ಲಿ, ತುಪಾಕಿಯದು ತುರ್ಕಿಯಲ್ಲಿ, ಕಾಡತೂಸಿನದು ಪೋರ್ಚುಗೀಸಿನಲ್ಲಿ. ಕೋವಿ ಮಾತ್ರ ನಮ್ಮದೇ. ಒಂದೊಂದು ಊರಲ್ಲಿ ಒಂದೊಂದು ಬಿಡಿಭಾಗಕ್ಕೆ ಬೇರೆಯದೇ ಹೆಸರಿದೆ, ಕಮ್ಮಾರರ ಹೆಸರು ಬೇರೆ, ಈಡುಗಾರರ ಹೆಸರು ಬೇರೆ. ವಾರಕ್ಕೊಮ್ಮೆ ಕಾಲು ಪುಟ ಬಿಟ್ಟುಕೊಟ್ಟು, ಊರು, ಭಾಗ, ಹೆಸರು, ಹೇಳಿದವರ ವಯಸ್ಸು ಇಷ್ಟನ್ನು ಓದುಗರಿಂದ ಕೇಳಿ ಅಚ್ಚು ಹಾಕಿದರೆ ಒಂದು ವರ್ಷದಲ್ಲಿ ಕನ್ನಡದ ಕೋವಿಪದಗಳ ಪಟ್ಟಿಯೇ ಆಗುತ್ತದೆ. ಸ್ಟೋನರ ಕೋಶದ ಆಯ್ದ ಕತ್ತಿಯನ್ನು ತಿದ್ದುವುದಕ್ಕೆ ಅಂಥ ಪಟ್ಟಿ ಬೇಕು. ಓದುಗರ ಮನೆಯ ವಿಳಾಸವನ್ನೂ ಕೋವಿ ಎಲ್ಲಿದೆ ಎಂಬುದನ್ನೂ ಅಚ್ಚು ಹಾಕಬಾರದು, ಕಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ.

2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಬತ್ತಿದ ಬಾವಿಯಲ್ಲಿ ಟಿಪ್ಪು ಕಾಲದ್ದೆನ್ನುವ ಸಾವಿರದಷ್ಟು ಯುದ್ಧದ ರಾಕೆಟ್ಟುಗಳು ಸಿಕ್ಕವು. ಕೆಸರಿನಲ್ಲಿ ಹೂತಿದ್ದನ್ನು ಎತ್ತಿ, ಎಣಿಸಿ, ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸಂಗ್ರಹಾಲಯಕ್ಕೆ ಸೇರಿಸಿದ್ದಾರೆ. ಆ ಕೆಲಸ ಮಾಡಿದ ಪುರಾತತ್ವ ಇಲಾಖೆಯವರೇ ಮನೆಗಳ ಕೋವಿಗಳಿಗೂ ಒಂದು ಪುಟದ ನಮೂನೆ ಮಾಡಿ ಕೈಲ್‌ಪೊಳ್ದ್ ಮತ್ತು ಆಯುಧಪೂಜೆಯ ವಾರದಲ್ಲಿ ಹಂಚಲಿ. ಆ ಎರಡು ಹಬ್ಬಗಳಲ್ಲಿ ಕೋವಿಗಳು ತಾವಾಗಿಯೇ ಅಟ್ಟದಿಂದ ಇಳಿದು ಬೆಳಕಿಗೆ ಬರುತ್ತವೆ.

ಇತಿ,
ಹಳೆಯ ಆಯುಧಗಳ ಕೆಲವು ಅಭ್ಯಾಸಿಗಳು
ಮಡಿಕೇರಿ, ಮೈಸೂರು